ಹಳೇ ಟೇಪುಗಳನ್ನು ಡಿವಿಡಿಗೆ ಹಾಕಲು ನಾನು ಮೂರು ಸಲ ಮೆಷಿನ್ ಬದಲಿಸಿದ ಕಥೆ

ಅಪ್ಪ ತಾವೇ ಕ್ಯಾಮೆರಾ ಹಿಡಿದು ತೆಗೆದ ಕ್ಯಾಸೆಟ್ಟು ಅದು. ಡಿವಿಡಿಗೆ ಹಾಕೋಣ ಅಂತ ಕೂತರೆ ಹತ್ತೇ ನಿಮಿಷಕ್ಕೆ ಮೆಷಿನ್ ನಿಂತುಹೋಯಿತು. 'ಈ ಟೇಪನ್ನು ಕಾಪಿ ಮಾಡುವಂತಿಲ್ಲ' ಅಂತ ಪರದೆ ಮೇಲೆ ಬಂತು. ನಮ್ಮನೆ ಟೇಪಿಗೆ ಕಾಪಿ ಬೀಗ ಹಾಕಿದವರು ಯಾರಪ್ಪಾ?

ನಾನು ಮೊದಲು ತಂದಿದ್ದು ಕಾಂಬೋ ಮೆಷಿನ್. ಒಂದು ಕಡೆ ಕ್ಯಾಸೆಟ್ಟು, ಇನ್ನೊಂದು ಕಡೆ ಖಾಲಿ ಡಿಸ್ಕು, ಮಧ್ಯೆ ಒಂದು ಬಟನ್ನು. ಅರವತ್ತು ಚಿಲ್ಲರೆ ಟೇಪು ಇದ್ದವನಿಗೆ ಇದಕ್ಕಿಂತ ಸುಲಭ ಇನ್ನೇನು ಬೇಕು ಅನ್ನಿಸಿತ್ತು. ಆಮೇಲೆ ಗೊತ್ತಾಯಿತು ನೋಡಿ. ಸಿನಿಮಾ ಕ್ಯಾಸೆಟ್ಟುಗಳಲ್ಲಿ ಚಿತ್ರದ ಮೇಲ್ಗಡೆ, ಕಣ್ಣಿಗೆ ಕಾಣದ ಗೆರೆಗಳಲ್ಲಿ, ರೆಕಾರ್ಡರ್ ದಾರಿ ತಪ್ಪುವ ಹಾಗೆ ಸಿಗ್ನಲ್ ಸೇರಿಸಿರುತ್ತಿದ್ದರು. ಹಳೆಯ, ಸವೆದ ಟೇಪಿನ ಸಿಗ್ನಲ್ ಅದೇ ಜಾಗದಲ್ಲಿ ತಾನಾಗೇ ಅಲುಗಾಡಿದರೂ ಮೆಷಿನ್ನಿಗೆ ಅದು ಬೀಗದ ಹಾಗೇ ಕಾಣಬಹುದು. ಒಳ್ಳೆಯ ಸ್ಥಿತಿಯಲ್ಲಿದ್ದ ಟೇಪುಗಳನ್ನು ಕಾಂಬೋ ಚೆನ್ನಾಗಿಯೇ ಇಳಿಸಿಕೊಟ್ಟಿತು. ನನಗೆ ಬೇಕಾಗಿದ್ದ ಟೇಪುಗಳೇ ಆಗಲಿಲ್ಲ.

ತಮ್ಮ ಹೇಳಿದ, 'ಅಣ್ಣಾ, ಸುಮ್ನೆ ಒಂದು ಯುಎಸ್‌ಬಿ ಕ್ಯಾಪ್ಚರ್ ತಗೋ, ಕಂಪ್ಯೂಟರಿಗೆ ಹಾಕಿಬಿಡೋಣ.' ತಗೊಂಡೆ, ಇರೋದರಲ್ಲೇ ಅಗ್ಗದ್ದು. ಮೊದಲ ಐದು ನಿಮಿಷ ಎಲ್ಲಾ ಸರಿ. ಒಂದು ಗಂಟೆ ಆಗುವಷ್ಟರಲ್ಲಿ ಅಪ್ಪನ ತುಟಿ ಮೊದಲು ಅಲ್ಲಾಡುತ್ತದೆ, ಮಾತು ಆಮೇಲೆ ಬರುತ್ತದೆ. ಚಿತ್ರ ಯುಎಸ್‌ಬಿಯಿಂದ, ಧ್ವನಿ ಸೌಂಡ್ ಕಾರ್ಡಿನಿಂದ ತಗೊಂಡಿದ್ದೆ. ಎರಡರ ಗಡಿಯಾರ ಬೇರೆ ಬೇರೆ. ಸಾಲದ್ದಕ್ಕೆ ಟೇಪು ತಡವರಿಸಿದಾಗಲೆಲ್ಲ ಒಂದೆರಡು ಫ್ರೇಮ್ ಬಿದ್ದುಹೋಗುತ್ತಿತ್ತು.

ಆಗ ನನ್ನ ತಲೆಗೆ ಹೋಗಿದ್ದು ಇಷ್ಟು: ತೊಂದರೆ ಇರೋದು ಬರೀ ಹಿಡಿಯುವ ಕಡೆ ಅಲ್ಲ, ಹೆಚ್ಚಾಗಿ ಓಡಿಸುವ ಕಡೆ. ದುಡ್ಡಿನ ಮುಕ್ಕಾಲು ಪಾಲು ಪ್ಲೇಯರಿಗೇ ಹೋಗಬೇಕು.

ಹೊಸ ವಿಸಿಆರ್ ಈಗ ಯಾರೂ ಮಾಡಲ್ಲ. ಕೊನೆಯವರೆಗೂ ಮಾಡುತ್ತಿದ್ದ ಜಪಾನಿನ ಫುನಾಯಿ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಹಾಗಾಗಿ ಸೆಕೆಂಡ್ ಹ್ಯಾಂಡೇ ಗತಿ. ನಾನು ಹುಡುಕಿದ್ದು ಮಾಮೂಲಿ ವಿಎಚ್‌ಎಸ್‌ಗಿಂತ ಒಂದು ಮೆಟ್ಟಿಲು ಮೇಲಿನ ವಿಸಿಆರ್, ಅಂದರೆ ಎಸ್-ವಿಎಚ್‌ಎಸ್ ಡೆಕ್. ನನ್ನ ಹತ್ತಿರ ಇರೋದು ಮಾಮೂಲಿ ವಿಎಚ್‌ಎಸ್ ಟೇಪು, ಆದರೂ ಅದೇ ಯಾಕೆ? ಟೇಪಿನಲ್ಲಿ ಬಣ್ಣ ಬೇರೆ, ಬೆಳಕು ಬೇರೆಯಾಗಿ ರೆಕಾರ್ಡ್ ಆಗಿರುತ್ತದೆ. ಹಳದಿ ವೈರಿನಲ್ಲಿ ಎರಡೂ ಬೆರೆತು ಬರುತ್ತವೆ, ಈಚೆ ಬಂದ ಮೇಲೆ ಮತ್ತೆ ಬಿಡಿಸಬೇಕು. ಎಸ್-ವಿಡಿಯೋ ವೈರಿನಲ್ಲಿ ಬೆರೆಯುವುದೇ ಇಲ್ಲ. ಎಸ್-ವಿಡಿಯೋ ಕಿಂಡಿ ಮಾಮೂಲಿ ವಿಸಿಆರ್‌ಗಳಲ್ಲಿ ಅಪರೂಪ, ಎಸ್-ವಿಎಚ್‌ಎಸ್ ಡೆಕ್ಕಿನಲ್ಲಿ ಇರುತ್ತದೆ. ಅದರಲ್ಲೂ ಒಳಗೆ ಟಿಬಿಸಿ (ಟೈಮ್ ಬೇಸ್ ಕರೆಕ್ಟರ್) ಇರುವ ಮಾಡೆಲ್ಲೇ ಬೇಕು ಅಂತ ಕಾದೆ. ಹಳೇ ಟೇಪಿನಲ್ಲಿ ಕಿಟಕಿಯ ನೇರ ಸರಳುಗಳು ಹಾವಿನ ಹಾಗೆ ಹೊರಳುತ್ತವಲ್ಲ, ಅದನ್ನು ಗೆರೆ ಗೆರೆಯಾಗಿ ನೇರ ಮಾಡೋದು ಈ ಟಿಬಿಸಿ. ಎಲ್ಲಾ ಟೇಪಿಗೂ ಆಗಿಬರಲ್ಲ. ಒಂದೆರಡು ಕೆಟ್ಟ ಟೇಪುಗಳಲ್ಲಿ ಚಿತ್ರ ಇನ್ನೂ ಕುಣಿಯಿತು, ಆಫ್ ಮಾಡಿದೆ.

ಫ್ರೇಮ್ ಬೀಳೋದು ಈ ಟಿಬಿಸಿಯಿಂದ ನಿಲ್ಲಲ್ಲ, ಅದಕ್ಕೆ ಇಡೀ ಫ್ರೇಮನ್ನು ಹಿಡಿದಿಟ್ಟು ಹೊಸ ತಾಳಕ್ಕೆ ಬಿಡುವ ಪೆಟ್ಟಿಗೆ ಬೇಕು. ಬೇರೆಯಾಗಿ ತಗೊಂಡರೆ ಅದು ದುಬಾರಿ. ನಾನು ಒಂದು ಹಳೇ ಡಿವಿಡಿ ರೆಕಾರ್ಡರನ್ನು ಮಧ್ಯೆ ಇಟ್ಟು, ರೆಕಾರ್ಡ್ ಮಾಡದೆ ಬರೀ ಅದರ ಮೂಲಕ ಸಿಗ್ನಲ್ ಹಾಯಿಸಿದೆ. ಅಷ್ಟರಲ್ಲೇ ನೆಟ್ಟಗಾಯಿತು. ಎಲ್ಲಾ ರೆಕಾರ್ಡರೂ ಈ ಕೆಲಸ ಮಾಡಲ್ಲ, ಪರೀಕ್ಷೆ ಮಾಡಿಯೇ ನೋಡಬೇಕು.

ಡೆಕ್ ತಗೊಳ್ಳುವಾಗ ಹೋದರೆ ಹೋಗಲಿ ಅನ್ನುವಂಥ ಒಂದು ಟೇಪು ಜೊತೆಗೆ ಒಯ್ದಿದ್ದೆ. ಅರ್ಧ ಗಂಟೆ ಓಡಿಸಿದೆ, ಹಿಂದಕ್ಕೆ ಸುತ್ತಿಸಿದೆ. ಹೊರಗೆ ತೆಗೆದು, ಮುಚ್ಚಳ ಎತ್ತಿ, ಟೇಪಿನ ಅಂಚು ಮಡಚಿದೆಯಾ ನೋಡಿದೆ. ಮಾರುವವರಿಗೆ ಬೇಜಾರಾದರೂ ಆಗಲಿ, ಇದನ್ನು ಬಿಡಬೇಡಿ. ಅಂದಹಾಗೆ ಚಿತ್ರದ ಕೆಳಗೆ ಒಂದು ಸಣ್ಣ ಪಟ್ಟಿ ನಡುಗುವುದನ್ನು ಕಂಡು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಅದು ಪ್ರತಿ ವಿಎಚ್‌ಎಸ್ ಟೇಪಿನಲ್ಲೂ ಇರುತ್ತದಂತೆ, ಟೇಪು ಓದುವ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಬದಲಾಗುವ ಜಾಗ. ಹಳೇ ಟಿವಿಗಳಲ್ಲಿ ಅದು ಪರದೆಯ ಅಂಚಿನಾಚೆ ಅಡಗಿರುತ್ತಿತ್ತು, ಅಷ್ಟೇ.

ಹೆಡ್ ಕ್ಲೀನ್ ಮಾಡೋದನ್ನೂ ಕಲಿತೆ. ಪ್ಲಗ್ ಕಿತ್ತು, ಮೇಲಿನ ಮುಚ್ಚಳ ತೆಗೆದು, ಮೆತ್ತನೆ ಚರ್ಮ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಹೆಡ್ಡುಗಳು ಕೂತಿರುವ ತಿರುಗುವ ಡ್ರಮ್ಮಿಗೆ ತಾಗಿಸಿ ಹಿಡಿಯೋದು. ಕಡ್ಡಿ ಅಲ್ಲಾಡಬಾರದು. ಇನ್ನೊಂದು ಕೈಯಲ್ಲಿ ಡ್ರಮ್ಮನ್ನು ಮೇಲಿನಿಂದ ಹಿಡಿದು ನಿಧಾನಕ್ಕೆ ತಿರುಗಿಸಬೇಕು. ಕಡ್ಡಿಯನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ಡು ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಯ ಕಡ್ಡಿ ಅಂತೂ ಬೇಡವೇ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಡೆಕ್ಕಿಗೆ ತೋರಿಸಲೂ ಬೇಡಿ. ಅದರ ಪುಡಿ ಮುಂದಿನ ಟೇಪಿಗೂ ಅಂಟುತ್ತದೆ.

ಇನ್ನು ಕ್ಯಾಪ್ಚರ್. ಚಿತ್ರ, ಧ್ವನಿ ಎರಡನ್ನೂ ಒಟ್ಟಿಗೆ ತಗೊಂಡು ಡಿವಿ ಅನ್ನುವ ಡಿಜಿಟಲ್ ರೂಪಕ್ಕೆ ತಿರುಗಿಸುವ ಪೆಟ್ಟಿಗೆ ತಂದೆ. ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ಏನೂ ಕುಗ್ಗಿಸದೆ ಹಿಡಿದರೆ 75 ಜಿಬಿ ಹತ್ತಿರ ಹೋಗುತ್ತಿತ್ತು, ನನ್ನ ಡಿಸ್ಕಿನಲ್ಲಿ ಅಷ್ಟು ಜಾಗ ಇರಲಿಲ್ಲ. ಇಲ್ಲೂ ಒಂದು ಎಡವಟ್ಟು ಮಾಡಿಕೊಂಡೆ. ಪ್ರತಿ ಫ್ರೇಮೂ ಒಂದು ಬಿಟ್ಟು ಒಂದು ಗೆರೆಯ ಎರಡು ಅರ್ಧಗಳಾಗಿ, ಅಂದರೆ ಎರಡು ಫೀಲ್ಡ್ ಆಗಿ ಇರುತ್ತದೆ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಡಿವಿಡಿ ಮಾಡುವ ಸಾಫ್ಟ್‌ವೇರಿನಲ್ಲಿ ಮೇಲಿನದು ಮೊದಲು ಅಂತ ಇತ್ತು, ನಾನು ಗಮನಿಸಲಿಲ್ಲ. ಟಿವಿಗೆ ಹಾಕಿ ನೋಡಿದರೆ ಓಡುತ್ತಿರುವ ತಂಗಿ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೋಗುತ್ತಿದ್ದಾಳೆ! ಆರು ಡಿಸ್ಕು ಕಸದ ಬುಟ್ಟಿಗೆ ಹೋದವು.

ಒಂದು ಡಿಸ್ಕಿಗೆ 4.7 ಜಿಬಿ. ಎರಡು ಗಂಟೆ ಹಿಡಿಸುತ್ತದೆ ಅಂತಾರೆ, ನಾನು ಒಂದೂವರೆ ಗಂಟೆ ಮೀರಲ್ಲ. ಹಳೇ ಟೇಪಿನ ಚುಕ್ಕೆ ಚುಕ್ಕೆ ಗದ್ದಲವನ್ನು ಜಾಸ್ತಿ ಅಮುಕಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಮೂರು ಗಂಟೆಯ ಟೇಪನ್ನು ಒಂದೇ ಡಿಸ್ಕಿಗೆ ಹಾಕಲೇಬೇಕಾದರೆ ಚಿತ್ರದ ಅಗಲವನ್ನು 720 ಪಿಕ್ಸೆಲ್ ಬದಲು 352 ಮಾಡುತ್ತೇನೆ. ಡಿವಿಡಿ ಅದನ್ನು ಒಪ್ಪುತ್ತದೆ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಇರೋದೇ ಸುಮಾರು 240 ಗೆರೆಯ ವಿವರ, ಅಲ್ವಾ? ಇಲ್ಲದ್ದನ್ನು ಯಾಕೆ ತುಂಬಬೇಕು? ಡಿಸ್ಕು ಮನೆಯವರಿಗೆ ಹಂಚಲು. ಮೂಲ ಡಿವಿ ಫೈಲುಗಳು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿವೆ.

ಮೊದಲು ಮೆಷಿನ್ ನಿಲ್ಲಿಸಿದ್ದ ಅಪ್ಪನ ಆ ಕ್ಯಾಸೆಟ್ಟು ಇದೇ ಜೋಡಣೆಯಲ್ಲಿ ಒಂದೇ ಏಟಿಗೆ ಇಳಿಯಿತು. ಇನ್ನು ಉಳಿದಿರೋದು ಬೂಷ್ಟು ಹಿಡಿದ ನಾಲ್ಕು. ಅವುಗಳಿಗೆ ಅಂತಲೇ ಕಾಂಬೋ ಮೆಷಿನ್ನನ್ನು ಮಾರದೆ ಇಟ್ಟಿದ್ದೇನೆ. ಮೊದಲು ಕೈಯಲ್ಲಿ ಒರೆಸಿ, ಆಮೇಲೆ ಅದರಲ್ಲೇ ಓಡಿಸುತ್ತೇನೆ. ಕೆಟ್ಟರೆ ಅದು ಕೆಡಲಿ.