ಪಂಚಮಿಗೆ ಖಡಕ್ ರೊಟ್ಟಿ ಮಾಡಿಡುವ ಬಗೆ

ಧಾರವಾಡ, ಗದಗ, ಹಾವೇರಿ, ಕೊಪ್ಪಳದ ಕಡೆ ನಾಗರ ಪಂಚಮಿ ಶುರುವಾಗುವುದೇ ರೊಟ್ಟಿ ಹಬ್ಬದಿಂದ. ನಾಗಪ್ಪನಿಗೆ ಹಾಲೆರೆಯುವ ದಿನ ಹಲವು ಮನೆಗಳಲ್ಲಿ ಒಲೆ ಮೇಲೆ ಹಂಚು ಇಡುವುದಿಲ್ಲ. ಆದ್ದರಿಂದ ಖಡಕ್ ರೊಟ್ಟಿ, ಅಂದರೆ ಗರಿಗರಿಯಾಗಿ ಒಣಗಿಸಿದ ಜೋಳದ ರೊಟ್ಟಿ, ಮೊದಲೇ ಮಾಡಿಟ್ಟಿರಬೇಕು, ಓಣಿಯವರಿಗೆಲ್ಲ ಹಂಚಲೂ ಸಾಲಬೇಕು. ತೊಡಕು ಏನೆಂದರೆ ಹಬ್ಬ ಬರುವುದು ಶ್ರಾವಣದಲ್ಲಿ. ಜಿಟಿಜಿಟಿ ಮಳೆ, ಬಿಸಿಲಿನ ಸುಳಿವಿಲ್ಲ. ಸಂಕ್ರಾಂತಿಯ ಒಣಹವೆಯಲ್ಲಿ ಸಜ್ಜಿ ರೊಟ್ಟಿ ಯಾರು ಬಡಿದರೂ ಗರಿಗರಿ ಆದೀತು. ಪಂಚಮಿಯ ರೊಟ್ಟಿಯಲ್ಲಿ ಒಂದು ಹಂತ ತಪ್ಪಿದರೂ ಎರಡೇ ದಿನಕ್ಕೆ ಚರ್ಮದಂತೆ ಜಗ್ಗುತ್ತದೆ.

ಮೊದಲು ಕಾಳಿನ ಮಾತು. ನಾನು ಹಿಂಗಾರಿ ಬಿಳಿಜೋಳ ಬಿಟ್ಟು ಬೇರೆ ಬಳಸುವುದಿಲ್ಲ. ಮಾಲದಂಡಿ ತಳಿ, ಅಂದರೆ ಎಂ 35-1, ಸಿಕ್ಕರೆ ಮತ್ತೇನೂ ಬೇಡ. ಎರೆಮಣ್ಣಿನಲ್ಲಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಈ ಜೋಳ ತೆನೆಗಟ್ಟುವ ಹೊತ್ತಿಗೆ ಮಳೆ ಮುಗಿದಿರುತ್ತದೆ, ಕಾಳು ಒಣಹವೆಯಲ್ಲಿ ಬಲಿಯುತ್ತದೆ. ಮುಂಗಾರಿ ಹೈಬ್ರಿಡ್ ಜೋಳದ ತೆನೆ ಎಷ್ಟೋ ಸಲ ಮಳೆಗೆ ಸಿಕ್ಕಿ ಕಪ್ಪಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ಒಳಗೆ ಮೊಳಕೆ ಎಬ್ಬಿಸುವ ಕಿಣ್ವ ಕೆಲಸ ಶುರು ಮಾಡಿ ಪಿಷ್ಟವನ್ನು ಒಡೆದಿರುತ್ತದೆ. ಅಂಥ ಹಿಟ್ಟಿಗೆ ಎಸರು, ಅಂದರೆ ಕುದಿಯುವ ನೀರು, ಹಾಕಿದರೆ ಕೈಗೆ ಅಂಟುತ್ತದೆ, ರೊಟ್ಟಿಗೆ ಮಾತ್ರ ಹರಿಯದಂತೆ ಹಿಡಿದಿಡುವ ಜಿಗಿ ಬರುವುದಿಲ್ಲ. ಕೊಳ್ಳುವಾಗ ಒಂದು ಮುಷ್ಟಿ ಕಾಳು ಅಂಗೈಲಿ ಹಾಕಿ ತುದಿ ನೋಡಿ. ಕಪ್ಪು ಚುಕ್ಕಿ ಹೆಚ್ಚಿದ್ದರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಿದ್ದರೂ.

ಗಿರಣಿಗೆ ಹೋದಾಗ ಎರಡು ಸಂಗತಿ ನೋಡುತ್ತೇನೆ. ನಮ್ಮ ಸರದಿಗೆ ಮೊದಲು ಖಾರ ಬೀಸಿರಬಾರದು. ಕಲ್ಲು ತೀರ ಬಿಗಿ ಇರಬಾರದು, ಕೈ ಇಡಲಾರದಷ್ಟು ಬಿಸಿ ಹಿಟ್ಟು ಬಂದರೆ ಜಿಗಿ ಕಡಿಮೆಯಾಗುತ್ತದೆ. ಮನೆಗೆ ಬಂದ ಕೂಡಲೇ ಹಿಟ್ಟನ್ನು ಅಗಲ ಪರಾತದಲ್ಲಿ ಹರವಿ ಪೂರ್ತಿ ಆರಿದ ಮೇಲೇ ಡಬ್ಬಿಗೆ ತುಂಬಬೇಕು. ಬಿಸಿಯಲ್ಲೇ ಮುಚ್ಚಿದರೆ ಒಳಗೆ ಬೆವರಿ ಮುಗ್ಗುತ್ತದೆ. ಬೀಸಿದ ಎಂಟು–ಹತ್ತು ದಿನದೊಳಗೆ ಹಿಟ್ಟು ಮುಗಿಯಬೇಕು. ಜೋಳದಲ್ಲಿ ಎಣ್ಣೆಯಂಶ ಇರುವುದರಿಂದ ಹಳೆ ಹಿಟ್ಟು ಕಮಟಾಗುತ್ತದೆ, ಕಹಿ ಬರುತ್ತದೆ. ಕಾಳು ಹಳೆಯದೆಂದು ಅನುಮಾನವಿದ್ದರೆ 5 ಕೆಜಿಗೆ 150 ಗ್ರಾಂ ಉದ್ದಿನಬೇಳೆ ಸೇರಿಸಿ ಬೀಸಿಸಿದರೆ ಬಿರುಕು ತಗ್ಗುತ್ತದೆ. ಗೋಧಿ ಹಿಟ್ಟು ಬೆರೆಸುವವರೂ ಇದ್ದಾರೆ. ಅದು ಬಿಸಿ ರೊಟ್ಟಿಗೆ ನಡೆದೀತು, ಖಡಕ್ ರೊಟ್ಟಿಗೆ ಬೇಡ. ಆರಿದಾಗ ಮುರಿಯುವ ಬದಲು ಎಳೆಯುತ್ತದೆ.

ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಹಿಟ್ಟನ್ನು ಹಿಡಿದಿಡುವುದು ಕುದಿಯುವ ನೀರಿಗೆ ಬೆಂದು ಉಬ್ಬಿದ ಪಿಷ್ಟ ಮಾತ್ರ, ಅದಕ್ಕೇ ಎಸರು. ಉಗುರುಬೆಚ್ಚಗಿನ ನೀರಿಗೆ ಆ ಕೆಲಸ ಆಗದು. 1 ಕೆಜಿ ಹಿಟ್ಟಿಗೆ ಸುಮಾರು 850 ಮಿಲಿ ನೀರು ಬೇಕು, ಹಿಟ್ಟು ಒಣಗಿದ್ದಷ್ಟು ಇನ್ನೂ ಸ್ವಲ್ಪ ಹೆಚ್ಚು. ಅದರಲ್ಲಿ 550 ಮಿಲಿ ಚೆನ್ನಾಗಿ ಮರಳಿಸಿ, ಕೊಣಮಿಗೆಯಲ್ಲಿ (ಹಿಟ್ಟು ನಾದುವ ಅಗಲ ಪಾತ್ರೆ) 700 ಗ್ರಾಂ ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿಯುತ್ತೇನೆ. ಕಟ್ಟಿಗೆಯ ಹುಟ್ಟಿನಿಂದ ಒಮ್ಮೆ ತಿರುವಿ ಐದು ನಿಮಿಷ ಮುಚ್ಚಿಡುವುದು. ಉಳಿದ 300 ಗ್ರಾಂ ಒಣಹಿಟ್ಟಿನಲ್ಲಿ ಒಂದಿಷ್ಟು ಬಡಿಯುವ ಹಿಟ್ಟಿಗೆಂದು ತೆಗೆದಿಟ್ಟು, ಮಿಕ್ಕದ್ದನ್ನು ನಾದುವಾಗ ಸ್ವಲ್ಪ ಸ್ವಲ್ಪ ಕೂಡಿಸಬೇಕು, ಉಳಿದ ನೀರನ್ನು ಚಿಮುಕಿಸುತ್ತ. ಖಡಕ್ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಉಪ್ಪು ಗಾಳಿಯ ನೀರು ಎಳೆಯುತ್ತದೆ, ಮಳೆಗಾಲದಲ್ಲಂತೂ ಬೇಡವೇ ಬೇಡ.

ಇಡೀ ಹಿಟ್ಟನ್ನು ಒಮ್ಮೆಗೇ ನಾದಿಡಬಾರದು. ಎರಡು ರೊಟ್ಟಿಗೆ ಆಗುವಷ್ಟು ತೆಗೆದು ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿ, ಉಳಿದದ್ದನ್ನು ಒದ್ದೆ ಅರಿವೆಯಿಂದ ಮುಚ್ಚಬೇಕು. ಉಂಡೆ ಬೆರಳಿನಿಂದ ಒತ್ತಿದಾಗ ಅಂಚು ಸೀಳದಿದ್ದರೆ ಹದ ಬಂದಿದೆ. ಸೀಳಿದರೆ ನೀರು ಸಾಲದು ಎಂದುಕೊಂಡು ಬರೀ ನೀರು ಹಾಕುತ್ತ ಹೋಗಬೇಡಿ. ಬಹುಪಾಲು ಸಲ ಕೊರತೆ ಇರುವುದು ನಾದುವುದರಲ್ಲಿ, ಇಲ್ಲವೆ ಎಸರು ಪೂರ್ತಿ ಕುದಿದಿರುವುದಿಲ್ಲ.

ಮೆತ್ತನ ರೊಟ್ಟಿಗೆ 95 ಗ್ರಾಂ ಉಂಡೆ. ಖಡಕ್ ರೊಟ್ಟಿಗೆ ಅಷ್ಟೇ ಅಗಲಕ್ಕೆ 70 ಗ್ರಾಂ ಸಾಕು, ಅಂದರೆ ಕೆಜಿ ಹಿಟ್ಟಿಗೆ ಇಪ್ಪತ್ತೈದರ ಆಸುಪಾಸು. ಕಲ್ಲಿನ ಮೇಲೆ ಒಣಹಿಟ್ಟು ಉದುರಿಸಿ, ಉಂಡೆ ಇಟ್ಟು, ಬಲಗೈ ಬೆರಳು ಚಪ್ಪಟೆಯಾಗಿಟ್ಟು ಬಡಿಯುತ್ತ ಎಡಗೈಯಿಂದ ಅಂಚು ಕಾಯಬೇಕು. ಕೈ ಬೀಳುವ ಕೋನ ಸರಿ ಇದ್ದರೆ ರೊಟ್ಟಿ ತಾನಾಗಿ ತಿರುಗುತ್ತದೆ. ತಿರುಗುವುದು ನಿಂತಿತೆಂದರೆ ಅಡಿಯಲ್ಲಿ ಹಿಟ್ಟು ಮುಗಿದಿದೆ ಎಂದೇ ಲೆಕ್ಕ, ಆಗಲೇ ಎತ್ತಿ ಇನ್ನಷ್ಟು ಉದುರಿಸಬೇಕು. ಮೊದಲು ನಡುವೆ ಬಡಿದು ಅಂಚು ದಪ್ಪ ಬಿಡುವುದು ಹೊಸಬರ ರೂಢಿ. ಅಂಚಿನಿಂದ ಒಳಕ್ಕೆ ಬನ್ನಿ. ದಪ್ಪ ಅಂಚು ಒಳಗೆ ತೇವ ಹಿಡಿದಿಟ್ಟುಕೊಂಡು ಬುಟ್ಟಿಯಲ್ಲಿ ಮೊದಲು ಬೂಸಲು ಹಿಡಿಯುವುದು ಅಲ್ಲೇ.

ಹಂಚಿನ ಕಾವು ನೋಡಲು ನೀರು ಚಿಮುಕಿಸಿ: ಹನಿ ಚುಂಯ್ ಎಂದು ಓಡಾಡಿ ಆರಬೇಕು. ಹಿಟ್ಟು ಹತ್ತಿದ ಮಗ್ಗುಲು ಮೇಲೆ ಬರುವಂತೆ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ಬೇಗನೆ ಒರೆಸಬೇಕು. ಒರೆಸದೆ ಬಿಟ್ಟ ಹಿಟ್ಟು ಸುಟ್ಟು ಕಹಿಯಾಗುತ್ತದೆ. ಆ ನೀರು ಇನ್ನೇನು ಆರಬೇಕು ಎನ್ನುವಾಗ ತಿರುವಿ ಹಾಕುವುದು. ಪೂರ್ತಿ ಒಣಗಲು ಬಿಟ್ಟರೆ ಮೈಯೆಲ್ಲ ಸೀಳು, ತೀರ ಬೇಗ ತಿರುವಿದರೆ ಹಂಚಿಗೆ ಅಂಟುತ್ತದೆ. ಇಲ್ಲಿಯವರೆಗೆ ಎರಡೂ ರೊಟ್ಟಿ ಒಂದೇ ದಾರಿ. ಮೆತ್ತನದಾದರೆ ಕೆಂಡದ ಮುಂದೆ ಉಬ್ಬಿಸಿ ಬುಟ್ಟಿಗೆ. ಖಡಕ್ ರೊಟ್ಟಿಯನ್ನು ಉಬ್ಬಲು ಬಿಡದೆ ಬಟ್ಟೆಯಿಂದ ಒತ್ತುತ್ತ, ಉರಿ ತಗ್ಗಿಸಿ, ಎರಡೂ ಮಗ್ಗುಲು ಬೇಯಿಸಬೇಕು. ಜೋರು ಉರಿಯಲ್ಲಿ ಮೇಲೆ ಕಲೆ ಬಿದ್ದು ಒಳಗೆ ಹಸಿ ಉಳಿಯುತ್ತದೆ. ನೋಡಲು ಆಗಿದೆ ಅನಿಸುತ್ತದೆ, ಮರುದಿನ ಮೆತ್ತಗಾದಾಗಲೇ ಗೊತ್ತಾಗುವುದು.

ಹಂಚಿನಿಂದ ಇಳಿಸಿದ್ದನ್ನು ಒಲೆಯ ಸುತ್ತ ಗೋಡೆಗೆ ಆನಿಸಿ ನಿಲ್ಲಿಸುವುದು ಹಳೆ ಪದ್ಧತಿ. ಬಿಸಿಲಿಲ್ಲದ ಶ್ರಾವಣದಲ್ಲಿ ಅದಕ್ಕಿಂತ ಒಳ್ಳೆ ಉಪಾಯ ಇಲ್ಲ. ಗ್ಯಾಸ್ ಒಲೆಯವರು ಎಲ್ಲ ಬೇಯಿಸಿ ಮುಗಿದ ಮೇಲೆ ಸಣ್ಣ ಉರಿಯ ಹಂಚಿನ ಮೇಲೆ ಒಂದೊಂದಾಗಿ ಮತ್ತೊಮ್ಮೆ ಒಣಗಿಸಿ. ಓವನ್ ಇದ್ದರೆ 100 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ, ಬಾಗಿಲು ತುಸು ತೆರೆದು. ಬಿಸಿ ಇರುವಾಗ ಒಂದರ ಮೇಲೊಂದು ಪೇರಿಸಿದರೆ ಅಷ್ಟು ಹೊತ್ತಿನ ಕೆಲಸವೆಲ್ಲ ಹಾಳು, ಹಬೆ ಮೇಲಿನ ರೊಟ್ಟಿಗೆ ಹೋಗಿ ಕೂರುತ್ತದೆ. ಮುರಿದರೆ ಟಪ್ ಎಂದು ಸದ್ದು ಬರಬೇಕು, ನಡುವಿನಲ್ಲೂ. ಆಮೇಲೆ ಬಿಳಿ ಬಟ್ಟೆ ಹಾಸಿದ ಬೆತ್ತದ ಬುಟ್ಟಿ. ಮಳೆಗಾಲದಲ್ಲಿ ನಾನು ಬುಟ್ಟಿಯ ಬದಲು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯನ್ನೇ ನೆಚ್ಚುತ್ತೇನೆ. ಹೀಗಿಟ್ಟ ಜೋಳದ ರೊಟ್ಟಿ ಎರಡು ತಿಂಗಳಿಗೂ ಮೋಸವಿಲ್ಲ. ಸಜ್ಜಿಯದಾದರೆ ಒಂದು ತಿಂಗಳೊಳಗೆ ತಿಂದು ಮುಗಿಸಿ. ಅದರ ಎಣ್ಣೆ, ಮೇಲೆ ಒತ್ತಿದ ಎಳ್ಳಿನ ಎಣ್ಣೆ, ಎರಡೂ ಬೇಗ ಕಮಟಾಗುತ್ತವೆ.

ಹಂಚುವ ಕ್ರಮ ಊರಿಂದೂರಿಗೆ ಬೇರೆ. ಸಾಮಾನ್ಯವಾಗಿ ಒಂದು ಮನೆಗೆ ನಾಲ್ಕೈದು ರೊಟ್ಟಿ, ಮೇಲೆ ಮಡಕಿ ಕಾಳಿನ ಪಲ್ಯ, ಎಣಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ. ಪಲ್ಯವನ್ನು ರೊಟ್ಟಿ ಮೇಲೆ ನೇರ ಹಾಕುವುದಿದ್ದರೆ ನೀರಾಡಬಾರದು, ಒಣಪಲ್ಯವೇ ಇರಲಿ. ಜಾತಿ ಯಾವುದು ಎಂದು ಕೇಳದೆ ಓಣಿ ತುಂಬ ರೊಟ್ಟಿ ಓಡಾಡುವ ದಿನ ಇದು. ಸಂಜೆಗೆ ನಿಮ್ಮ ಡಬ್ಬಿಯಲ್ಲಿ ಹತ್ತು ಮನೆಯ ರೊಟ್ಟಿ ಇರುತ್ತದೆ, ಯಾರದು ದಪ್ಪ, ಯಾರದು ತೆಳು, ಯಾರ ಹಂಚು ಸುಡುತ್ತದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ ಅಷ್ಟೇ.

ಕೆಡದೆ ಉಳಿಯುವ ಈ ಗುಣ ಇಲ್ಲದಿದ್ದರೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಬರುವುದು ಸಾಧ್ಯವಿರಲಿಲ್ಲ. ಅಷ್ಟು ದೊಡ್ಡ ಪ್ರಮಾಣದಲ್ಲಿ ಓಣಿಯ ಹೆಂಗಸರು ಒಟ್ಟಿಗೆ ಕೂತಾಗ ಕೆಲಸ ಹಂಚಿಕೊಳ್ಳುವುದೇ ಮುಖ್ಯ: ಒಬ್ಬರು ನಾದಲಿಕ್ಕೆ, ಇಬ್ಬರು ಬಡಿಯಲಿಕ್ಕೆ, ಒಬ್ಬರು ಹಂಚಿನ ಮುಂದೆ. ಬಡಿಯುವವರು ಹಂಚಿನವರಿಗಿಂತ ಮುಂದೆ ಓಡಬಾರದು, ಬಡಿದಿಟ್ಟ ರೊಟ್ಟಿ ಕಲ್ಲಿನ ಮೇಲೆ ಒಣಗಿದರೆ ಎತ್ತುವಾಗಲೇ ಹರಿಯುತ್ತದೆ.

ಹೊರದೇಶದಲ್ಲಿರುವವರಿಗೆ ಒಂದು ಮಾತು. ಅಂಗಡಿಯ ಪ್ಯಾಕೆಟ್ ಹಿಟ್ಟು ಬೀಸಿ ಎಷ್ಟು ತಿಂಗಳಾಗಿದೆಯೋ ದೇವರೇ ಬಲ್ಲ. ಇಡಿ ಕಾಳು ಸಿಕ್ಕರೆ ಮನೆಯ ಗ್ರೈಂಡರಿನಲ್ಲೇ ಬೀಸಿ, ಸಣ್ಣ ಜರಡಿ ಹಿಡಿಯಿರಿ. ಪ್ಯಾಕೆಟ್ ಹಿಟ್ಟೇ ಗತಿಯಾದರೆ ಪಾತ್ರೆಯಲ್ಲಿ ನೀರು ಕುದಿಯುವಾಗಲೇ ಅಷ್ಟೂ ಹಿಟ್ಟನ್ನು ಸುರಿದು, ಒಂದು ನಿಮಿಷ ಸಣ್ಣ ಉರಿಯಲ್ಲಿ ಮುದ್ದೆಯಂತೆ ತಿರುವಿ, ಬಿಸಿ ತಾಳುವಷ್ಟಾದ ಕೂಡಲೇ ನಾದಿ. ಬಡಿಯಲು ಬಾರದಿದ್ದರೆ ಲಟ್ಟಣಿಗೆಯಿಂದ ಹಗುರವಾಗಿ ಲಟ್ಟಿಸಿ, ನಾಚಿಕೆ ಬೇಡ. ನಾನ್‌ಸ್ಟಿಕ್ ತವೆ ಮಾತ್ರ ಬದಿಗಿಡಿ, ಖಡಕ್ ರೊಟ್ಟಿಗೆ ಕಾವು ಹಿಡಿದಿಡುವ ದಪ್ಪ ಕಬ್ಬಿಣದ ತವೆಯೇ ಬೇಕು.