ಜಾಯಿಪತ್ರೆ ಒಣಗಿಸಲು ನಾನೇ ಸುತ್ತಿದ ಕಾಯಿಲ್

ಪುನರ್ವಸು ಮಳೆ ಹಿಡಿದರೆ ತೀರ್ಥಹಳ್ಳಿ ಕಡೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಜಾಯಿಪತ್ರೆ ಎಲ್ಲಿ ಒಣಗೀತು? ಒಳಗೆ ಪತ್ರೆ ಇರುವ ಜಾಯಿಕಾಯಿ ಬಿರಿಯುವುದೂ ಅದೇ ಹೊತ್ತಿಗೆ. ಎರಡು ದಿನ ಹಸಿಯಾಗಿ ಉಳಿದರೆ ಬೂಷ್ಟು. ಒಲೆ ಮೇಲಿನ ಅಟ್ಟಕ್ಕೆ ಹಾಕಿದರೆ ಹೊಗೆ ವಾಸನೆ; ವ್ಯಾಪಾರಿ ಮೂಸಿ ನೋಡಿ ಬದಿಗೆ ತಳ್ಳುತ್ತಾನೆ. ಹಾಗಾಗಿ ಮನೆಯಲ್ಲಿದ್ದ ಹಳೇ ತಗಡಿನ ಬೀರುವನ್ನೇ ಡ್ರೈಯರ್ ಮಾಡಲು ಹೊರಟೆ.

ಮೊದಲು ಶಿವಮೊಗ್ಗದಿಂದ ರೂಮ್ ಹೀಟರಿನ 1000 ವ್ಯಾಟ್ ಸ್ಪ್ರಿಂಗ್ (ಬಿಸಿ ಮಾಡುವ ಕಾಯಿಲ್) ತಂದು ತಳದಲ್ಲಿ ಕೂರಿಸಿದೆ. ಥರ್ಮೋಸ್ಟ್ಯಾಟನ್ನು 50 ಡಿಗ್ರಿಗೆ ಇಟ್ಟಿದ್ದೆ. ಅದೇನೋ 50ಕ್ಕೆ ಸರಿಯಾಗಿ ಕರೆಂಟ್ ಕಡಿಯುತ್ತಿತ್ತು. ಆದರೆ ಸೆನ್ಸರಿಗೆ ಬಿಸಿ ತಟ್ಟುವ ಮೊದಲೇ ಕೆಳಗಿನ ಟ್ರೇ ಕಾದು ಕೂತಿರುತ್ತಿತ್ತು. ಕೆಂಪಗಿದ್ದ ಪತ್ರೆ ಕಂದು ತಿರುಗಿ, ಮುಟ್ಟಿದರೆ ಪುಡಿ. ಮೇಲಿನ ಟ್ರೇಯಲ್ಲಿ ಇನ್ನೂ ಪಸೆ. ಸ್ಪ್ರಿಂಗ್ ಅರ್ಧಕ್ಕೆ ಕತ್ತರಿಸಿದರೆ ಬಿಸಿ ಅರ್ಧ ಆಗುತ್ತೆ ಅಂತ ಪಕ್ಕದ ಮನೆಯವರು ಹೇಳಿದರು. ಸದ್ಯ, ಕತ್ತರಿಸಲಿಲ್ಲ. ತಂತಿ ಗಿಡ್ಡವಾದಷ್ಟೂ ಕರೆಂಟ್ ಜಾಸ್ತಿ ಹರಿಯುತ್ತದೆ. 1000 ವ್ಯಾಟಿನದು ಅರ್ಧವಾದರೆ 2000 ವ್ಯಾಟ್!

ನನಗೆ ಬೇಕಿದ್ದದ್ದು 500 ವ್ಯಾಟ್. ಮನೆ ಕರೆಂಟಿನ 230 ವೋಲ್ಟನ್ನು 230ರಿಂದಲೇ ಗುಣಿಸಿ 500ರಿಂದ ಭಾಗಿಸಿದರೆ ತಂತಿಗೆ ಬೇಕಾದ ತಡೆ (ರೆಸಿಸ್ಟೆನ್ಸ್) ಸುಮಾರು 106 ಓಮ್. ನಿಕ್ಕಲ್, ಕ್ರೋಮಿಯಂ ಬೆರೆಸಿದ 26 ಗೇಜಿನ ನಿಕ್ರೋಮ್ ತಂತಿ ಮೀಟರಿಗೆ ಹತ್ತಿರ ಹತ್ತಿರ 6.6 ಓಮ್ ಬರುತ್ತದೆ. ಅಂದರೆ 16 ಮೀಟರ್. ಇನ್ನೂ ಸಣ್ಣ ತಂತಿಯಾದರೆ ಕಡಿಮೆ ಉದ್ದ ಸಾಕು, ಆದರೆ ಅದು ಕೆಂಪಗೆ ಕಾದು ಬೇಗ ಕಡಿದುಹೋಗುತ್ತದೆ. ಉದ್ದ ಇರಲಿ, ಮಂದವಾಗಿ ಕಾಯಲಿ ಅಂತ ಇದನ್ನೇ ಹಿಡಿದೆ.

ಸುತ್ತುವುದೇ ದೊಡ್ಡ ಕೆಲಸ. 6 ಮಿಲಿಮೀಟರ್ ಸರಳನ್ನು ಕೈ ಡ್ರಿಲ್ಲಿಗೆ ಕಚ್ಚಿಸಿ, ತಂತಿಯ ತುದಿಯನ್ನೂ ಅದರ ಜೊತೆ ಸಿಕ್ಕಿಸಿದೆ. ನಾನು ನಿಧಾನ ತಿರುಗಿಸುವುದು, ತಮ್ಮನ ಮಗ ಬಟ್ಟೆ ಮಡಚಿ ತಂತಿ ಬಿಗಿ ಹಿಡಿಯುವುದು. ಹೆಚ್ಚುಕಡಿಮೆ 800 ಸುತ್ತು, ಜಗಲಿಯಲ್ಲಿ ಕೂತು. ಕಡೆಗೆ ಸಿಕ್ಕಿದ್ದು ಒಂದಡಿಗಿಂತ ಸ್ವಲ್ಪ ಉದ್ದದ ಸ್ಪ್ರಿಂಗ್. ಅದನ್ನು ಒಂದೂಕಾಲು ಮೀಟರಿಗೆ ಎಳೆದೆ. ಇಲ್ಲೇ ಎಡವಿದ್ದು. ಒಂದು ಕಡೆ ಸುತ್ತುಗಳು ಒತ್ತೊತ್ತಾಗಿ ಉಳಿದಿದ್ದವು. ಕತ್ತಲಲ್ಲಿ ಹಚ್ಚಿ ನೋಡಿದರೆ ಉಳಿದದ್ದೆಲ್ಲ ಕಪ್ಪು, ಅಲ್ಲಿ ಮಾತ್ರ ಬೀಡಿ ತುದಿಯ ಹಾಗೆ ಕೆಂಪು. ಪ್ಲಗ್ ಕಿತ್ತು, ಆರಿದ ಮೇಲೆ ಆ ಜಾಗವನ್ನು ಕೈಯಲ್ಲೇ ಬಿಡಿಸಿದೆ. ಎರಡು ತುದಿಯನ್ನೂ ಮಡಚಿ ಜೋಡಿ ಎಳೆ ಮಾಡಿ ಹಿತ್ತಾಳೆ ಬೋಲ್ಟಿಗೆ ಬಿಗಿದೆ. ಬೆಸುಗೆ ಹಾಕಿದರೆ ಕರಗಿ ಬೀಳುತ್ತದೆ. ತಗಡಿಗೆ ಎಲ್ಲೂ ತಾಗದಂತೆ ಪಿಂಗಾಣಿ ಗುಬ್ಬಿಗಳ ಮೇಲೆ ಕೂರಿಸಿದೆ, ಬೀರುವಿಗೆ ಅರ್ಥಿಂಗ್ ಕೊಟ್ಟೆ.

ತಮ್ಮನ ಮಗ ಬೆಂಗಳೂರಲ್ಲಿ ಓದಿದವನು. "ದೊಡ್ಡಪ್ಪ, ಕೆಲವು ಇ-ಸಿಗರೇಟಲ್ಲಿ ಬಿಸಿ ಅಳೆಯೋ ಸೆನ್ಸರೇ ಇರಲ್ಲ. ತಂತಿಯ ಓಮ್ ನೋಡಿಯೇ ಅದು ಎಷ್ಟು ಬಿಸಿ ಅಂತ ಹೇಳುತ್ತೆ. ನಾವೂ ಹಾಗೇ ಮಾಡಬಹುದಲ್ವಾ?" ಅಂದ. 2019ರ ಕಾಯಿದೆಯಿಂದ ಅದರ ತಯಾರಿ, ಮಾರಾಟ ದೇಶದಲ್ಲೇ ಬಂದ್ ಆಗಿದೆ, ಅದು ಬೇರೆ ಮಾತು. ಉಪಾಯವೇನೋ ಚೆನ್ನಾಗಿದೆ. ಆದರೆ ಅಲ್ಲಿ ಅದಕ್ಕೆ ನಿಕ್ಕಲ್, ಟೈಟಾನಿಯಂ ಅಥವಾ ಸ್ಟೀಲ್ ತಂತಿ ಬಳಸುತ್ತಾರೆ. ನಿಕ್ಕಲ್ ನೂರು ಡಿಗ್ರಿ ಕಾದರೆ ಅದರ ಓಮ್ ಶೇಕಡಾ 60ರಷ್ಟು ಏರುತ್ತದೆ. ಸ್ಟೀಲ್ ಶೇಕಡಾ 9-10ರಷ್ಟು. ನಿಕ್ರೋಮ್ ಏರುವುದು ಲೆಕ್ಕಕ್ಕೇ ಇಲ್ಲ. ಬಿಸಿ ಇದ್ದಾಗಲೇ ಪ್ಲಗ್ ಕಿತ್ತು ಮಲ್ಟಿಮೀಟರ್ ಹಿಡಿದು ತೋರಿಸಿದೆ. ತಣ್ಣಗಿದ್ದಾಗ 105, ಈಗಲೂ 105. ಅವನಿಗೆ ಸ್ವಲ್ಪ ಬೇಜಾರಾಯಿತು. ಅಲ್ಲದೆ ನಮಗೆ ಬೇಕಿರುವುದು ಪತ್ರೆಯ ಬಿಸಿ, ತಂತಿಯದಲ್ಲ.

ಹಾಗಾಗಿ ಸೆನ್ಸರನ್ನೇ ಜಾಗ ಬದಲಿಸಿದೆ. ಇದ್ದ ಜಾಗದಿಂದ ಕಿತ್ತು ನಡುವಿನ ಟ್ರೇಯ ಪತ್ರೆಗಳ ನಡುವೆ ಇಟ್ಟೆ. ಕೆಳಗೆ ಸಣ್ಣ ಫ್ಯಾನು, ನೆತ್ತಿಯಲ್ಲಿ ಹಸಿ ಗಾಳಿ ಹೋಗಲು ಕಿಂಡಿ. ಈಗ ಬಿಸಿ 48ರಿಂದ 52ರ ಒಳಗೇ ಆಡುತ್ತದೆ.

ಒಂದು ರಾತ್ರಿ ಫ್ಯಾನಿಗೆ ಇರುವೆ ಹೊಕ್ಕು ನಿಂತೇ ಹೋಗಿತ್ತು. ಕಾಯಿಲ್ ಮಾತ್ರ ಉರಿಯುತ್ತಿತ್ತು. ಪುಣ್ಯಕ್ಕೆ ಎಚ್ಚರವಾಗಿ ಎದ್ದಿದ್ದೆ. ಮರುದಿನವೇ ಕಾಯಿಲ್ ಸಾಲಿಗೆ, ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಹಾಕಿದೆ. ಅದಿಲ್ಲದೆ ಈಗ ಹಚ್ಚುವುದೇ ಇಲ್ಲ, ರಾತ್ರಿ ಹೊತ್ತಂತೂ ಇಲ್ಲವೇ ಇಲ್ಲ.

ಬೆಳಗ್ಗೆ ತಿಂಡಿಗೆ ಮೊದಲು ಇಟ್ಟ ಪತ್ರೆ ಮಧ್ಯಾಹ್ನದ ಊಟದ ಹೊತ್ತಿಗೆ ಗರಿಗರಿ. ಬಣ್ಣ ಉಳಿಯುತ್ತದೆ, ಹೊಗೆಯ ಸುಳಿವಿಲ್ಲ. ಮೇಲಿನ ಟ್ರೇಯನ್ನು ಮಾತ್ರ ನಮ್ಮನೆಯವಳು ಹಲಸಿನ ಹಪ್ಪಳಕ್ಕೆ ಅಂತ ಹಿಡಿದುಕೊಂಡಿದ್ದಾಳೆ. ಕೇಳಿದರೂ ಬಿಡುತ್ತಿಲ್ಲ.