ಒಂದು ಕಣ್ಣು ಮುಚ್ಚಿ ನೋಡಿ ಅಂತ ಯಾಕೆ ಹೇಳ್ತೀನಿ

ಸಿಂಧನೂರು ಕಡೆ ಹಳ್ಳಿಗಳಲ್ಲಿ ಕಣ್ಣಿನ ಶಿಬಿರ ಅಂದರೆ ಪೊರೆ ಶಿಬಿರ ಅಂತಲೇ ಲೆಕ್ಕ. ಅಜ್ಜನಿಗೆ ಮಂಜು ಕಾಣುತ್ತಿದೆ, ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆ ಅಂತ ಮನೆಯವರೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ನಾನು ನೇತ್ರಾಧಿಕಾರಿ. ಚಷ್ಮಾದ ನಂಬರ್ ನೋಡುವುದು, ಪೊರೆ ಇದ್ದವರನ್ನು ಮುಂದೆ ಕಳಿಸುವುದು ನನ್ನ ಕೆಲಸ. ಅರವತ್ತು ದಾಟಿದವರ ಕೈಗೆ ಮಾತ್ರ ಇನ್ನೊಂದು ಹಾಳೆ ಕೊಡುತ್ತೇನೆ. ಪೊರೆಯಲ್ಲದ ಇನ್ನೊಂದು ರೋಗ, ವಯಸ್ಸಾದವರ ನಡುನೋಟ ಕೆಡಿಸುವ ಮ್ಯಾಕುಲಾ ಸವೆತ (ಎಎಂಡಿ), ಇದೆಯಾ ಅಂತ ನೋಡಲು.

ಸ್ವಿಟ್ಜರ್ಲೆಂಡಿನ ಕಣ್ಣಿನ ಡಾಕ್ಟರ್ ಮಾರ್ಕ್ ಆಮ್ಸ್ಲರ್ ರೂಢಿಗೆ ತಂದ ಹಾಳೆ ಅದು. 10 ಸೆಂ.ಮೀ. ಉದ್ದಗಲದ ಚೌಕ, ಒಳಗೆ ಅರ್ಧರ್ಧ ಸೆಂಟಿಮೀಟರಿನ ಮನೆಗಳು, ನಟ್ಟನಡುವೆ ಒಂದು ಚುಕ್ಕಿ.

ಒಬ್ಬ ಅಜ್ಜಿ ಎರಡೂ ಕಣ್ಣಿಂದ ನೋಡಿ "ಎಲ್ಲಾ ಚಂದ ಅದ" ಅಂದರು. ಬಲಗಣ್ಣು ಮುಚ್ಚಿಸಿದೆ. "ಯಪ್ಪಾ, ಗೆರಿ ಸೊಟ್ಟ ಆಗ್ಯಾವಲ್ಲ, ಚುಕ್ಕಿ ಎಲ್ಲಿ ಹೋತು?" ಹಾಳೆಯೇ ಸರಿಯಿಲ್ಲ ಅಂದುಕೊಂಡು ತಲೆಕೆಳಗು ಮಾಡಿ ಹಿಡಿದರು. ಆಗಲೂ ಸೊಟ್ಟ ನಡುವೆಯೇ ಇತ್ತು. ಜೋಳ ಹಸನು ಮಾಡುವಾಗ ಹರಳು ತಪ್ಪಿಹೋಗುತ್ತವೆ ಅಂತ ಸೊಸೆ ದೂರುತ್ತಿದ್ದಳಂತೆ.

ಕಣ್ಣಿನ ಹಿಂಬದಿಯ ಪರದೆ ರೆಟಿನಾ. ಅದರ ನಡುಭಾಗ ಮ್ಯಾಕುಲಾ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಹಾಕುವುದು ಎಲ್ಲಾ ಅದರ ಕೆಲಸ. ವಯಸ್ಸಾದಂತೆ ಕೆಲವರಿಗೆ ಅಲ್ಲಿ ಡ್ರೂಸೆನ್ ಅನ್ನುವ ಹಳದಿ ಕಸ ಕೂಡುತ್ತದೆ, ಜಾಗ ನಿಧಾನಕ್ಕೆ ಸವೆಯುತ್ತದೆ. ಇದು ಈ ರೋಗದ ಒಣ ಬಗೆ, ಜಾಸ್ತಿ ಜನರಿಗೆ ಬರುವುದು ಇದೇ. ಇನ್ನೊಂದು ಒದ್ದೆ ಬಗೆ. ಹೊಸ ರಕ್ತನಾಳ ಬೆಳೆದು ರಕ್ತ, ನೀರು ಸೋರಿ ಕೆಲವೇ ವಾರಗಳಲ್ಲಿ ನಡುನೋಟ ಕೆಡಿಸುತ್ತದೆ. ಅಂಚಿನ ನೋಟ ಉಳಿಯುವುದರಿಂದ ಮನುಷ್ಯ ಓಡಾಡಿಕೊಂಡೇ ಇರುತ್ತಾನೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಅದಕ್ಕೇ ಗೊತ್ತಾಗುವುದು ತಡ.

ಮನೆಯಲ್ಲೂ ನೋಡಿಕೊಳ್ಳಬಹುದು. ಮಕ್ಕಳ ಲೆಕ್ಕದ ಚೌಕಳಿ ನೋಟ್‌ಬುಕ್ಕಿನ ಹಾಳೆಯ ಗೆರೆಗಳ ಮೇಲೆ ಕಪ್ಪು ಪೆನ್ನಾಡಿಸಿ, ನಡುವೆ ಚುಕ್ಕಿ ಇಡಿ. ಓದುವ ಚಷ್ಮಾ ಹಾಕಿಕೊಂಡು, ಒಳ್ಳೆ ಬೆಳಕಿನಲ್ಲಿ, ಸುಮಾರು ಒಂದಡಿ ದೂರ ಹಿಡಿದು, ಒಂದೊಂದೇ ಕಣ್ಣಿಂದ ಚುಕ್ಕಿಯನ್ನೇ ನೋಡಿ. ಗೆರೆ ಡೊಂಕಾದರೆ, ನಡುವೆ ಮಸಿ ಬಳಿದ ಹಾಗೆ ಕಂಡರೆ ಶಿಬಿರಕ್ಕೆ ಕಾಯಬೇಡಿ. ಸುಗ್ಗಿ ಮುಗಿಯಲಿ ಅನ್ನಲೂಬೇಡಿ. ಕೂಡಲೇ ರೆಟಿನಾ ಡಾಕ್ಟರ ಹತ್ತಿರ ಹೋಗಿ. ಅವರು ಓಸಿಟಿ ಅನ್ನುವ, ಬೆಳಕಿನಿಂದ ರೆಟಿನಾದ ಪದರ ತೋರಿಸುವ ಸ್ಕ್ಯಾನ್ ಮಾಡಿಸುತ್ತಾರೆ. ಒದ್ದೆ ಬಗೆಯಾದರೆ ಕಣ್ಣೊಳಗೇ ಇಂಜೆಕ್ಷನ್ ಕೊಡುತ್ತಾರೆ. ಕೇಳಿದರೆ ಭಯ ಆಗುತ್ತದೆ, ಅಲ್ವಾ? ಮರಗಟ್ಟಿಸುವ ಹನಿ ಹಾಕಿಯೇ ಕೊಡುವುದು. ಒಂದಕ್ಕೆ ಮುಗಿಯುವುದಿಲ್ಲ, ಮೊದಮೊದಲು ತಿಂಗಳಿಗೊಂದರಂತೆ ಬೇಕಾಗುತ್ತದೆ. ಕಲೆ ಕಟ್ಟಿದ ಮೇಲೆ ಹೋದ ನೋಟ ವಾಪಸ್ ಬರುವುದಿಲ್ಲ.

ವಯಸ್ಸು, ಮನೆತನ ನಮ್ಮ ಕೈಯಲ್ಲಿಲ್ಲ. ಬೀಡಿ ಇದೆ. ಧೂಮಪಾನ ಈ ರೋಗದ ಅಪಾಯವನ್ನು ಎರಡು ಪಟ್ಟೋ ಅದಕ್ಕೂ ಜಾಸ್ತಿಯೋ ಮಾಡುತ್ತದೆ. ಬಿಸಿಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ರಾಯಚೂರಿನವರು ಕೇಳದೆ ಇರುತ್ತಾರಾ? ಟೊಪ್ಪಿಗೆ, ತಂಪು ಕನ್ನಡಕ ಒಳ್ಳೆಯದೇ, ಆದರೆ ಬೀಡಿ ವಿಷಯದಷ್ಟು ಗಟ್ಟಿ ಪುರಾವೆ ಬಿಸಿಲಿಗಿಲ್ಲ.

ಊಟದಲ್ಲಿ ನಮ್ಮವರು ಪುಣ್ಯವಂತರು. ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ, ರಾಜಗಿರಿ ಪಲ್ಯ ಇದ್ದೇ ಇರುತ್ತದೆ. ಮ್ಯಾಕುಲಾಕ್ಕೆ ಬೇಕಾದ ಲ್ಯೂಟಿನ್ ಹಸಿರು ಸೊಪ್ಪಿನಲ್ಲಿದೆ. ಅದು ಮೈಗೆ ಹತ್ತಲು ಒಂಚೂರು ಎಣ್ಣೆ ಬೇಕು, ಶೇಂಗಾ ಹಿಂಡಿ (ಚಟ್ನಿಪುಡಿ) ಸಾಕು. ಕಣ್ಣಿಗೆ ಅಂತ ಮಾರುವ ವಿಟಮಿನ್, ಸತುವಿನ ಮಾತ್ರೆ ಮಾತ್ರ ಸುಮ್ನೆ ನುಂಗಬೇಡಿ. 2001ರ ಅಮೆರಿಕದ ಅಧ್ಯಯನದಲ್ಲಿ ಇಂಥ ಮಾತ್ರೆಯಿಂದ, ಮಧ್ಯಮ ಹಂತ ಮುಟ್ಟಿದವರಿಗೆ ರೋಗ ಮುಂದುವರಿಯುವ ಅಪಾಯ ಸುಮಾರು ಶೇ. 25 ಕಡಿಮೆಯಾಯಿತು. ರೋಗವೇ ಇಲ್ಲದವರಿಗೆ ತಡೆಯಾಗುವುದಿಲ್ಲ. ಬೀಟಾ ಕ್ಯಾರೋಟಿನ್ ಇರುವ ಮಾತ್ರೆಯನ್ನಂತೂ ಬೀಡಿ ಸೇದುವವರು ಮುಟ್ಟಬಾರದು, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ.

ತಂದೆ ತಾಯಿಗೆ ಈ ಮ್ಯಾಕುಲಾ ರೋಗ ಇದ್ದರೆ ಮಕ್ಕಳು ಐವತ್ತರ ನಂತರ ಪಾಪೆ ದೊಡ್ಡದಾಗುವ ಹನಿ ಹಾಕಿಸಿ ಕಣ್ಣು ತೋರಿಸಿಕೊಳ್ಳಿ. ಹನಿ ಬಿದ್ದ ಮೇಲೆ ಕೆಲವು ತಾಸು ಮಂಜಾಗಿರುತ್ತದೆ. ಬೈಕ್ ಮೇಲೆ ಒಬ್ಬರೇ ಬರಬೇಡಿ.